ಎರಡು ಸಾಲುಗಳ ನಡುವೆ

ಆರ್ಮ್ 64-ಬಿಟ್ ಪ್ರೊಸೆಸರ್‌ನ ನನ್ನ ಬೋರ್ಡ್ ಇವತ್ತೂ ಅದೇ ಜಾಗದಲ್ಲಿ ನಿಂತುಬಿಟ್ಟಿತು. ಅದು ಕಳಿಸುವ ಸಂದೇಶ ಕಾಣುವ ಸೀರಿಯಲ್ ಕನ್ಸೋಲ್‌ನಲ್ಲಿ ಅರ್ಧ ಸಾಲು, ಆಮೇಲೆ ಏನೂ ಇಲ್ಲ. ಎರರ್ ಕೂಡ ಇಲ್ಲ.

ಮಾಡಲು ಹೊರಟಿದ್ದು ಚಿಕ್ಕ ಕೆಲಸ. ಮೆಮೊರಿಯ 2 ಎಂಬಿಯ ಒಂದು ಬ್ಲಾಕನ್ನು 4 ಕೆಬಿಯ 512 ಚಿಕ್ಕ ತುಂಡುಗಳಾಗಿ, ಅಂದರೆ ಪೇಜ್‌ಗಳಾಗಿ ಒಡೆಯಬೇಕಿತ್ತು. ಅದರಲ್ಲಿ ಒಂದೇ ಒಂದು ಪೇಜನ್ನು ರೀಡ್-ಓನ್ಲಿ ಮಾಡಲು, ಅಷ್ಟೇ.

ಆರ್ಮ್ 64-ಬಿಟ್‌ನಲ್ಲಿ ಪೇಜ್ ಟೇಬಲ್‌ನ (ಯಾವ ವಿಳಾಸ ಮೆಮೊರಿಯಲ್ಲಿ ಎಲ್ಲಿದೆ ಅಂತ ಹೇಳುವ ಪಟ್ಟಿಯ) ಹಳೆಯ ಎಂಟ್ರಿಯ ಮೇಲೆ ಹೊಸದನ್ನು ಹಾಗೇ ಬರೆಯಬಾರದು. ದೊಡ್ಡ ಬ್ಲಾಕು, ಚಿಕ್ಕ ಪೇಜು ಎರಡೂ ಒಂದೇ ವಿಳಾಸಕ್ಕೆ ಟಿಎಲ್‌ಬಿಯಲ್ಲಿ (ಆ ಪಟ್ಟಿಯಿಂದ ಓದಿದ್ದನ್ನು ಪ್ರೊಸೆಸರ್ ನೆನಪಿಟ್ಟುಕೊಳ್ಳುವ ಜಾಗದಲ್ಲಿ) ಕೂತರೆ ಪ್ರೊಸೆಸರ್ ಯಾವುದನ್ನು ನಂಬಬೇಕು? ಅದಕ್ಕೇ ಮೊದಲು ಎಂಟ್ರಿಗೆ ಸೊನ್ನೆ, ಬ್ಯಾರಿಯರ್ (ಹಿಂದಿನ ಕೆಲಸ ಮುಗಿಯುವವರೆಗೆ ಕಾಯಿಸುವ ಇನ್‌ಸ್ಟ್ರಕ್ಷನ್), ಟಿಎಲ್‌ಬಿ ಖಾಲಿ, ಮತ್ತೆ ಬ್ಯಾರಿಯರ್, ಆಮೇಲೆ ಹೊಸ ಎಂಟ್ರಿ.

ನಾನು ಹಾಗೇ ಮಾಡಿದ್ದೆ.

ಆದರೆ ಆ ಕೋಡ್ ಇದ್ದಿದ್ದೇ ಆ 2 ಎಂಬಿಯೊಳಗೆ! ಸೊನ್ನೆ ಬರೆದು ಟಿಎಲ್‌ಬಿ ಖಾಲಿ ಮಾಡಿದ ಮೇಲೆ ಮುಂದಿನ ಇನ್‌ಸ್ಟ್ರಕ್ಷನ್ ಎಲ್ಲಿಂದ ಬರಬೇಕು? ತಪ್ಪಾಯಿತು ಅಂತ ಹೇಳಬೇಕಾದ ಎಕ್ಸೆಪ್ಶನ್ ವೆಕ್ಟರ್ ಕೂಡ ಅಲ್ಲೇ ಇತ್ತು. ಅದಕ್ಕೇ ಆ ಮೌನ. ಇದು ಹೊಳೆದಾಗ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಈಗ ಒಂದು ಪುಟ್ಟ ಅಸೆಂಬ್ಲಿ ರೊಟೀನ್ ಬರೆದಿದ್ದೇನೆ. ಇಂಟರಪ್ಟ್ (ಮಧ್ಯೆ ಬಂದು ಕೆಲಸ ತಡೆಯುವ ಕರೆ) ಮುಚ್ಚಿ, ಎಂಎಂಯು (ವಿಳಾಸ ಅನುವಾದಿಸುವ ಭಾಗ) ಆಫ್, ಎಂಟ್ರಿ ಬದಲಾವಣೆ, ಟಿಎಲ್‌ಬಿ ಖಾಲಿ, ಎಂಎಂಯು ಆನ್. ಕೋಡ್ ಬಳಸುವ ವರ್ಚುವಲ್ ವಿಳಾಸ, ಮೆಮೊರಿಯ ನಿಜವಾದ ಫಿಸಿಕಲ್ ವಿಳಾಸ ಎರಡೂ ಒಂದೇ ಆಗಿರುವುದರಿಂದ ಇದು ನಡೆಯುತ್ತದೆ. ಎಂಎಂಯು ಆಫ್ ಆದಾಗ ಡೇಟಾ ಕ್ಯಾಶ್ (ಮೆಮೊರಿಯ ನಕಲು ಇಟ್ಟುಕೊಳ್ಳುವ ವೇಗದ ಜಾಗ) ಲೆಕ್ಕಕ್ಕಿಲ್ಲ, ಹಾಗಾಗಿ ಹೊಸ ಟೇಬಲನ್ನೂ ಈ ರೊಟೀನನ್ನೂ ಮೊದಲೇ ಮೆಮೊರಿಗೆ ತಳ್ಳಿರಬೇಕು.

ಸಂಜೆ ಅರ್ಧ ಸಾಲು ಪೂರ್ತಿ ಆಯಿತು. ಎಷ್ಟು ಖುಷಿ ಆಯ್ತು ಅಂದ್ರೆ, ಇನ್ನೊಂದು ಸಲ ರೀಸೆಟ್ ಒತ್ತಿ ಮತ್ತೆ ಓದಿದೆ.