ಏಳನೇ ನಂಬರ್ ರೈಲಿನ ಕೆಳಗೆ

ನ್ಯೂಯಾರ್ಕ್‌ನ ಜಾಕ್ಸನ್ ಹೈಟ್ಸ್‌ಗೆ ಬಂದ ಮೊದಲ ವಾರ ನಿದ್ದೆಯೇ ಹತ್ತಲಿಲ್ಲ. ರೂಸ್‌ವೆಲ್ಟ್ ಅವೆನ್ಯೂ ರಸ್ತೆಯ ಮೇಲೆ, ಎತ್ತರದ ಕಂಬಗಳ ಹಳಿಯಲ್ಲಿ ಏಳನೇ ನಂಬರ್ ರೈಲು ರಾತ್ರಿಯಿಡೀ ಗಡಗಡ ಅಂತ ಓಡುತ್ತಿರುತ್ತದೆ. ಈಗ ಸದ್ದು ನಿಂತರೇ ಎಚ್ಚರ!

ಆ ರೈಲು 1917ರಲ್ಲಿ ಬಂದಮೇಲೆಯೇ ಈ ಬಡಾವಣೆ ಬೆಳೆದದ್ದು. ಅದಕ್ಕೂ ಮುಂಚೆ ಇಲ್ಲೆಲ್ಲ ಹೊಲ. ಎಡ್ವರ್ಡ್ ಮ್ಯಾಕ್‌ಡೂಗಲ್ ಅವರ ಕಂಪನಿ ಸಾಲು ಕಟ್ಟಡ ಕಟ್ಟಿ, ಹಿಂದೆ ತೋಟ ಅಡಗಿಸಿಟ್ಟಿತು. ಬೀದಿಯಲ್ಲಿ ನಿಂತರೆ ತೋಟ ಕಾಣುವುದೇ ಇಲ್ಲ. ನಾನೂ ಎರಡು ವರ್ಷ ಸುಮ್ನೆ ಗೋಡೆ ನೋಡಿಕೊಂಡು ಓಡಾಡಿದ್ದೆ. ಒಂದು ದಿನ ಗೇಟು ತೆರೆದಿತ್ತು. ಇಣುಕಿದರೆ ಒಳಗೆ ದೊಡ್ಡ ಮರಗಳು, ಹುಲ್ಲು, ಬೆಂಚಿನ ಮೇಲೆ ಸ್ವೆಟರ್ ಹೆಣೆಯುತ್ತಿದ್ದ ಒಬ್ಬ ಅಜ್ಜಿ.

ಆ ಮನೆಗಳು ಶುರುವಿನಲ್ಲಿ ಎಲ್ಲರಿಗೂ ಸಿಗುತ್ತಿರಲಿಲ್ಲ. ಯಹೂದಿಗಳಿಗೆ ಇಲ್ಲ, ಕಪ್ಪು ಜನರಿಗೆ ಇಲ್ಲ. 1965ರಲ್ಲಿ ವಲಸೆ ಕಾನೂನು ಬದಲಾಯಿತು. ಆಮೇಲೆ ಕೊಲಂಬಿಯಾದವರು, ಭಾರತದವರು, ಬಾಂಗ್ಲಾದೇಶದವರು ಬಂದರು. ಇತ್ತೀಚೆಗೆ ನೇಪಾಳಿಗಳು, ಟಿಬೆಟಿನವರೂ ಜಾಸ್ತಿ. 74ನೇ ಬೀದಿಯಲ್ಲಿ ಸೀರೆ, ಚಿನ್ನದ ಅಂಗಡಿ. ನಾಲ್ಕು ಹೆಜ್ಜೆ ನಡೆದರೆ ಮೊಮೊ ಗಾಡಿ. ಕರಿಬೇವು ತರಲು ಹೋದವಳು ಕೈಯಲ್ಲಿ ಮೊಮೊ ಹಿಡಿದು ಬರುವುದು ಮಾಮೂಲು.

ನನಗೆ ತುಂಬಾ ಇಷ್ಟದ್ದು 35ನೇ ಅವೆನ್ಯೂ ಮೂಲೆಯ, ರಸ್ತೆ ಹೆಸರಿನ ಬೋರ್ಡು. ಒಂದೊಂದು ಅಕ್ಷರಕ್ಕೂ ಅಂಕವಿರುವ, ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಇಲ್ಲಿದ್ದವರು. ಅದಕ್ಕೇ ಬೋರ್ಡಿನ ಒಂದೊಂದು ಅಕ್ಷರಕ್ಕೂ ಪುಟ್ಟದಾಗಿ ಅಂಕ ಹಾಕಿದ್ದಾರೆ. ಮಗಳು ಪ್ರತಿ ಸಲ ಕೂಡುತ್ತಾಳೆ. ಪ್ರತಿ ಸಲ ಬೇರೆ ಉತ್ತರ.