ಆಶ್ವಿಟ್ಜ್‌ಗೆ ಮೊದಲು ಆ ಊರು ನೋಡಿ

ಪೋಲೆಂಡಿನ ಕ್ರಾಕೋವ್‌ಗೆ ಹೋದವರು ಬೆಳಿಗ್ಗೆ ಆಶ್ವಿಟ್ಜ್, ಮಧ್ಯಾಹ್ನ ಉಪ್ಪಿನ ಗಣಿ ನೋಡಿ ಬರುವುದು ರೂಢಿ. ಎರಡನ್ನೂ ಸೇರಿಸಿ ಒಂದೇ ದಿನದ ಪ್ಯಾಕೇಜ್ ಮಾರುವವರು ಬೇಕಾದಷ್ಟಿದ್ದಾರೆ. ದಯವಿಟ್ಟು ಕೊಳ್ಳಬೇಡಿ. ಹಿಟ್ಲರನ ನಾಜಿಗಳು ಸುಮಾರು 11 ಲಕ್ಷ ಜನರನ್ನು ಕೊಂದ ಶಿಬಿರದಿಂದ ನೇರವಾಗಿ ಬಂದು ಉಪ್ಪಿನ ಶಿಲ್ಪದ ಮುಂದೆ ಫೋಟೊ ತೆಗೆಸಿಕೊಳ್ಳಲು ಮನಸ್ಸು ಬಾರದು. ದುಡ್ಡು ಕೊಟ್ಟಾಗಿದೆಯಲ್ಲ ಎಂದು ತೆಗೆಸಿಕೊಂಡುಬಿಡುತ್ತೇವೆ.

ನಾನು ಎರಡು ದಿನ ಇಟ್ಟುಕೊಂಡಿದ್ದೆ. ಜೊತೆಗೆ ಪಿಯುಸಿ ಓದುತ್ತಿರುವ ಅಣ್ಣನ ಮಗಳು. ಅವಳ ಕಾಲೇಜಿನಲ್ಲಿ ಹಿಟ್ಲರ್ ಎಂದರೆ ಹಾಜರಿ ಬಿಗಿ ಮಾಡುವ ಉಪನ್ಯಾಸಕರು. ಅವಳನ್ನು ದೂರುವಂತಿಲ್ಲ. ನಮ್ಮ ಫುಟ್‌ಪಾತಿನ ಅಂಗಡಿಗಳಲ್ಲಿ ಅವನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಕೂತಿರುತ್ತದೆ.

ಆಶ್ವಿಟ್ಜ್ ಎನ್ನುವುದು ಜರ್ಮನ್ನರು ಇಟ್ಟ ಹೆಸರು. ಊರಿನ ಪೋಲಿಷ್ ಹೆಸರು ಓಶ್ವಿಯೆಂಚಿಮ್. ಕ್ರಾಕೋವ್‌ನ ರೈಲು ನಿಲ್ದಾಣದ ಪಕ್ಕದಲ್ಲೇ ಇರುವ ಬಸ್ ನಿಲ್ದಾಣದಿಂದ ಸುಮಾರು ಒಂದೂವರೆ ತಾಸಿನ ದಾರಿ. ಹೆಚ್ಚಿನ ಪ್ರವಾಸಿಗರು ಶಿಬಿರದ ಬಾಗಿಲಲ್ಲಿ ಇಳಿದು ಅಲ್ಲಿಂದಲೇ ಹಿಂದಿರುಗುತ್ತಾರೆ. ನಾವು ಮೊದಲ ದಿನ ಸೊವಾ ನದಿಯ ಆಚೆ ದಡದ ಹಳೇಪೇಟೆಗೆ ಹೋಗಿ ಅಲ್ಲೇ ರಾತ್ರಿ ಉಳಿದೆವು. ಇಡೀ ಪ್ರವಾಸದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ ಇರಬೇಕು.

ಯುದ್ಧಕ್ಕೆ ಮುಂಚೆ ಈ ಊರಿನ ಅರ್ಧಕ್ಕಿಂತ ಹೆಚ್ಚು ಜನ ಯಹೂದಿಗಳು. ಅಂಗಡಿ, ಶಾಲೆ, ಮದುವೆ, ಜಗಳ ಎಲ್ಲವೂ ಇದ್ದ ಊರು. ಉಳಿದುಕೊಂಡಿರುವುದು ಒಂದೇ ಒಂದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ನಾಜಿಗಳು ಅದನ್ನು ಮದ್ದುಗುಂಡಿನ ಉಗ್ರಾಣ ಮಾಡಿಕೊಂಡಿದ್ದರು, ಯುದ್ಧದ ನಂತರ ಅಲ್ಲಿ ಜಮಖಾನೆಗಳನ್ನು ತುಂಬಿಟ್ಟಿದ್ದರು. 2000ದಲ್ಲಿ ಅದು ಮತ್ತೆ ತೆರೆಯಿತು. ಪಕ್ಕದಲ್ಲಿ ಪುಟ್ಟ ವಸ್ತುಸಂಗ್ರಹಾಲಯವಿದೆ. ಶನಿವಾರ ಮುಚ್ಚಿರುತ್ತದೆ, ಅದಕ್ಕೆ ತಕ್ಕಂತೆ ದಿನ ಆರಿಸಿಕೊಳ್ಳಿ.

ಹೇಬರ್‌ಫೆಲ್ಡ್ ಎಂಬ ಮನೆತನದ ಕಥೆ ನಮ್ಮನ್ನು ಹಿಡಿದು ನಿಲ್ಲಿಸಿತು. 1804ರಿಂದ ಆ ಊರಿನಲ್ಲಿ ಮದ್ಯ ತಯಾರಿಸುತ್ತಿದ್ದ ಕುಟುಂಬ ಅದು. 1939ರಲ್ಲಿ ಆಲ್ಫೋನ್ಸ್ ಹೇಬರ್‌ಫೆಲ್ಡ್ ಮತ್ತು ಅವರ ಪತ್ನಿ ಫೆಲಿಸಿಯಾ ನ್ಯೂಯಾರ್ಕಿನ ವಿಶ್ವ ವಸ್ತುಪ್ರದರ್ಶನಕ್ಕೆ ಹೋದರು, ಪುಟ್ಟ ಮಗಳು ಫ್ರಾನ್ಸಿಷ್ಕಾಳನ್ನು ಅಜ್ಜಿಯ ಬಳಿ ಬಿಟ್ಟು. ಅವರು ಮರಳುವ ಮೊದಲೇ ಯುದ್ಧ ಶುರುವಾಯಿತು. ಮಗುವನ್ನೂ ಅಜ್ಜಿಯನ್ನೂ ನಾಜಿಗಳು ಕೊಂದರು. ಅಣ್ಣನ ಮಗಳು ಅಲ್ಲಿಂದ ಬೇಗ ಕದಲಲಿಲ್ಲ.

ಶಿಬಿರದ ವಿಚಾರ. ಪ್ರವೇಶಕ್ಕೆ ಶುಲ್ಕವಿಲ್ಲ, ಆದರೆ ಮುಂಗಡ ಕಾಯ್ದಿರಿಸಲೇಬೇಕು. ಗೈಡ್ ಬೇಕಾದರೆ ಅವರಿಗೆ ಹಣ ಕೊಡಬೇಕು. ಗೈಡ್ ಇಲ್ಲದೆ ಹೋಗಬೇಡಿ ಎಂದೇ ನಾನು ಹೇಳುತ್ತೇನೆ. ಬೇಸಿಗೆಯಲ್ಲಾದರೆ ಕೆಲವು ವಾರಗಳ ಮೊದಲೇ ನೋಡಿಕೊಳ್ಳಿ. ಪಾಸಿನ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ಸಣ್ಣ ಕೈಚೀಲಕ್ಕೆ ಮಾತ್ರ ಅವಕಾಶ. ನನ್ನ ಬೆನ್ನುಚೀಲವನ್ನು ಹೊರಗಿಟ್ಟು ಬರುವಷ್ಟರಲ್ಲಿ ಗುಂಪು ಹೊರಟೇಬಿಡುವುದರಲ್ಲಿತ್ತು. ಹದಿನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕರೆತರುವುದು ಬೇಡ ಎಂದು ಸಂಗ್ರಹಾಲಯವೇ ಸೂಚಿಸುತ್ತದೆ. ಇನ್ನೊಂದು, ನಮ್ಮವರಿಗಾಗಿ: ಸ್ವಸ್ತಿಕದ ಪದಕ, ಕೀಚೈನು, ಟೀ ಶರ್ಟು ಯಾವುದೂ ಬೇಡ. ನಮ್ಮದು ಬೇರೆ, ಮಂಗಳಕರ ಎಂದು ಬಾಗಿಲಲ್ಲಿ ನಿಂತು ವಾದಿಸುವ ಜಾಗವಲ್ಲ ಅದು.

ಸಾಮಾನ್ಯ ಪ್ರವಾಸ ಮೂರೂವರೆ ತಾಸಿನದು. ನಾವು ಆರು ತಾಸಿನ ಅಧ್ಯಯನ ಪ್ರವಾಸ ಆರಿಸಿಕೊಂಡೆವು. ಇಟ್ಟಿಗೆ ಕಟ್ಟಡಗಳ ಮೊದಲ ಶಿಬಿರದಲ್ಲಿ ಬೂಟುಗಳು, ಹೆಸರು ಬರೆದ ಸೂಟ್‌ಕೇಸುಗಳು, ಕತ್ತರಿಸಿದ ಕೂದಲಿನ ರಾಶಿ. ಕೂದಲಿನ ಕೋಣೆಯಲ್ಲಿ ಮತ್ತು 11ನೇ ಬ್ಲಾಕಿನ ನೆಲಮಾಳಿಗೆಯಲ್ಲಿ ಫೋಟೊ ತೆಗೆಯುವಂತಿಲ್ಲ. ಸುಮಾರು ಮೂರು ಕಿಲೋಮೀಟರ್ ದೂರದ ಎರಡನೇ ಶಿಬಿರ ಬಿರ್ಕೆನೌಗೆ ಉಚಿತ ಬಸ್ಸಿದೆ. ಅಲ್ಲಿ ನೆರಳಿಲ್ಲ, ಗಾಳಿಗೆ ತಡೆಯಿಲ್ಲ, ಮಳೆ ಬಂದರೆ ಕೆಸರು. ಗಟ್ಟಿ ಬೂಟು, ನೀರು, ಕೊಡೆ ಬೇಕು. ಅನಿಲ ಕೋಣೆಗಳೂ ಶವ ಸುಡುವ ಕಟ್ಟಡಗಳೂ ಅಲ್ಲಿ ಕುಸಿದ ಇಟ್ಟಿಗೆ ಗುಪ್ಪೆ. 1945ರ ಜನವರಿ 27ರಂದು ಸೋವಿಯತ್ ಸೇನೆ ಬಂದು ಶಿಬಿರವನ್ನು ಬಿಡಿಸುವ ಮೊದಲೇ ಸಾಕ್ಷ್ಯ ಅಳಿಸಲು ನಾಜಿಗಳು ಅವುಗಳಲ್ಲಿ ಹೆಚ್ಚಿನವನ್ನು ಸ್ಫೋಟಿಸಿದ್ದರು. ರೈಲು ಹಳಿಯ ಮೇಲೆ ಕೈಚಾಚಿ ಸಮತೋಲನದ ಆಟವಾಡುತ್ತಾ ಸೆಲ್ಫಿ ತೆಗೆದುಕೊಳ್ಳುವವರು ಕಾಣಿಸಿದರೆ ಸಿಟ್ಟು ಬರುತ್ತದೆ. ನನಗಂತೂ ಬಂತು.

ಅವಸರದ ಪ್ರವಾಸದಲ್ಲಿ ತಪ್ಪಿಹೋಗಬಹುದಾದದ್ದು ಮೊದಲ ಶಿಬಿರದ 27ನೇ ಬ್ಲಾಕ್. ಅದಿದೆಯೇ ಎಂದು ಗೈಡ್ ಅವರನ್ನು ಮೊದಲೇ ಕೇಳಿ. ಯಹೂದಿ ನರಮೇಧದ ನೆನಪನ್ನು ಕಾಯುವ ಇಸ್ರೇಲಿನ ಸಂಸ್ಥೆ ಯಾದ್ ವಶೇಮ್ 2013ರಲ್ಲಿ ಅಲ್ಲಿ ಹೆಸರುಗಳ ಗ್ರಂಥವನ್ನಿಟ್ಟಿತು. ನರಮೇಧಕ್ಕೆ ಬಲಿಯಾದ ಸುಮಾರು 42 ಲಕ್ಷ ಯಹೂದಿಗಳ ಹೆಸರು, ಗೊತ್ತಿದ್ದಷ್ಟರ ಮಟ್ಟಿಗೆ ಹುಟ್ಟಿದ ದಿನ, ಊರು. ಭಾರೀ ಗಾತ್ರದ ಪುಟಗಳು, ಸಣ್ಣ ಅಕ್ಷರ. ಮುಟ್ಟಿ ತಿರುವಬಹುದು.

"ಅತ್ತೆ, ನಿನ್ನೆಯ ಆ ಮನೆತನದ ಹೆಸರಿನ ಕಾಗುಣಿತ ಹೇಗೆ?" ಎಂದು ಕೇಳಿದಳು. ಹೇಳಿದೆ. ಅವಳು ಆ ಅಕ್ಷರದ ಪುಟಗಳನ್ನು ಹುಡುಕಿಕೊಂಡು ಹೋಗಿ, ಬೆರಳಿಟ್ಟು ಒಂದೊಂದೇ ಸಾಲು ಇಳಿಯತೊಡಗಿದಳು. ಗೈಡ್ ಮುಂದಿನ ಕೋಣೆ ತಲುಪಿದ್ದರು. ನಾನು ಬಾಗಿಲ ಬಳಿ ಕಾಯುತ್ತಾ ನಿಂತೆ.