ಡಯಾಲಿಸಿಸ್ ಕೋಣೆಯಲ್ಲಿ ಹೆಪಟೈಟಿಸ್: ಮಷೀನಿನ ಮೇಲಿನ ಗುಮಾನಿ

ಶಿವಮೊಗ್ಗದ ಡಯಾಲಿಸಿಸ್ ಕೇಂದ್ರದ ಹೊರಗೆ ಬೆಂಚಿನ ಮೇಲೆ ಕಾಯುತ್ತ ಕೂರುವ ನಮ್ಮಂಥ ಮನೆಮಂದಿಯ ಮಾತು ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಅಡಿಕೆ ಧಾರಣೆಗಳನ್ನೆಲ್ಲ ಸುತ್ತಿಬಂದು ಕೊನೆಗೆ ಒಂದೇ ಅಂಜಿಕೆಯಲ್ಲಿ ನಿಲ್ಲುತ್ತದೆ: ‘ಪಾಸಿಟಿವ್ ಇದ್ದವರಿಗೆ ಹಾಕಿದ ಮಷೀನನ್ನೇ ನಮ್ಮವರಿಗೂ ಹಾಕಿಬಿಟ್ಟರೆ ಏನು ಗತಿ?’ ರಕ್ತದಿಂದ ಹರಡಿ ಲಿವರ್ ಕೆಡಿಸುವ ವೈರಸ್ ಸೋಂಕು ಹೆಪಟೈಟಿಸ್ ಬಿ ಇರಲಿ, ಸಿ ಇರಲಿ, ಬೆಂಚಿನ ಮೇಲೆ ಎರಡಕ್ಕೂ ‘ಪಾಸಿಟಿವ್’ ಎಂಬ ಒಂದೇ ಹೆಸರು. ಈ ಅಂಜಿಕೆಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಆದರೆ ಕಳೆದ ಕೆಲವು ದಶಕಗಳ ಅಧ್ಯಯನಗಳನ್ನು ಓದಿದ ಮೇಲೆ ನನಗನ್ನಿಸುವುದು ಇಷ್ಟು: ಬಿ ವಿಚಾರದಲ್ಲಿ ನಮ್ಮ ಅಂಜಿಕೆ ಸರಿಯಾದ ಜಾಗದಲ್ಲಿದೆ, ಸಿ ವಿಚಾರದಲ್ಲಿ ನಾವು ನೋಡಬೇಕಾದದ್ದು ಮಷೀನನ್ನಲ್ಲ, ಕೈಗಳನ್ನು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳುವವನು, ವೈದ್ಯನಲ್ಲ. ಈ ವಿಷಯಕ್ಕೆ ಕೈಹಾಕಿದ್ದು ನಮ್ಮ ಭಾವನವರಿಂದಾಗಿ. ಅವರು ಹೊಸನಗರದ ಕಡೆಯವರು. ರಿಪ್ಪನ್‌ಪೇಟೆ, ಆಯನೂರು ಹಾದು ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಬಂದು ನಾಲ್ಕು ಗಂಟೆ ಮಷೀನಿನ ಪಕ್ಕ ಮಲಗಿ ಹೋಗುತ್ತಾರೆ. ಆರು ತಿಂಗಳಿಗೊಮ್ಮೆ ಮಾಡಿಸುವ ರಕ್ತಪರೀಕ್ಷೆಯಲ್ಲಿ ಅವರಿಗೆ ಹೆಪಟೈಟಿಸ್ ಸಿ ಪ್ರತಿಕಾಯ, ಎಂದರೆ ಆ ವೈರಸ್ಸಿನ ವಿರುದ್ಧ ದೇಹವೇ ತಯಾರಿಸುವ ಪ್ರೋಟೀನ್, ಇದೆಯೆಂದು ವರದಿ ಬಂದದ್ದೇ ತಡ, ಕೇಂದ್ರದವರು ಅವರನ್ನು ಮೂಲೆಯ ಮಷೀನಿಗೆ ವರ್ಗಾಯಿಸಿದರು. ಪಕ್ಕದ ಹಾಸಿಗೆಯವರ ಮನೆಯವರು ಅಕ್ಕನೊಂದಿಗೆ ಮಾತು ಕಡಿಮೆ ಮಾಡಿದರು. ಸೋಂಕು ಎಲ್ಲಿಂದ ಬಂತೆಂದು ಯಾರೂ ಹೇಳಲಿಲ್ಲ, ಕೇಳಿದರೆ ‘ಮೊದಲೇ ಇದ್ದಿರಬೇಕು ಸಾರ್’ ಎಂಬ ಉತ್ತರ ಬಂತು. ಡಯಾಲಿಸಿಸ್ ಶುರುವಾದಾಗಿನ ವರದಿಯಲ್ಲಿ ಅದು ಇರಲಿಲ್ಲ.

ಮೊದಲು ಬಿ ವೈರಸ್ಸಿನ ಮಾತು. ಒಣಗಿದ ರಕ್ತದ ಕಲೆಯಲ್ಲಿ ಅದು ಕನಿಷ್ಠ 7 ದಿನ ಸೋಂಕು ತಗುಲಿಸುವ ಶಕ್ತಿ ಉಳಿಸಿಕೊಂಡಿರಬಲ್ಲದು. ರಕ್ತದಲ್ಲಿ ಅದರ ಪ್ರಮಾಣವೂ ವಿಪರೀತವಾಗಿರುವುದರಿಂದ ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಸಾಕು. ಆದ್ದರಿಂದಲೇ ಬಿ ಇರುವವರಿಗೆ ಬೇರೆ ಕೋಣೆ, ಬೇರೆ ಮಷೀನ್, ಆ ಪಾಳಿಯಲ್ಲಿ ಬಿ ಇಲ್ಲದವರನ್ನು ಮುಟ್ಟದ ಸಿಬ್ಬಂದಿ ಎಂಬ ನಿಯಮ ಎಲ್ಲೆಡೆ ಇದೆ. ಅವರ ಡಯಲೈಸರನ್ನು, ಎಂದರೆ ರಕ್ತ ಸೋಸುವ ಕೊಳವೆಯಾಕಾರದ ಜರಡಿಯನ್ನು, ತೊಳೆದು ಮತ್ತೆ ಬಳಸುವಂತೆಯೂ ಇಲ್ಲ. ಇದರ ಜೊತೆಗೆ ಲಸಿಕೆಯಿದೆ. ಮಕ್ಕಳ ಲಸಿಕಾ ಕಾರ್ಯಕ್ರಮಕ್ಕೆ ಅದು ದೇಶದ ಎಲ್ಲೆಡೆ ಸೇರಿದ್ದು 2011ರ ಹೊತ್ತಿಗೆ, ಹಾಗಾಗಿ ಈಗ ಡಯಾಲಿಸಿಸ್ ಹಾಸಿಗೆಯಲ್ಲಿರುವ ಬಹುಪಾಲು ಜನ ಚಿಕ್ಕಂದಿನಲ್ಲಿ ಅದನ್ನು ಪಡೆದವರಲ್ಲ. ಮೂತ್ರಪಿಂಡ ಸೋತ ದೇಹದ ರೋಗನಿರೋಧಕ ವ್ಯವಸ್ಥೆ ಲಸಿಕೆಗೆ ಮಂಕಾಗಿ ಸ್ಪಂದಿಸುವ ಕಾರಣ ಡಯಾಲಿಸಿಸ್‌ನವರಿಗೆ ಸಾಮಾನ್ಯ ವಯಸ್ಕರ ಎರಡರಷ್ಟು, ಎಂದರೆ 40 ಮೈಕ್ರೋಗ್ರಾಂ ಕೊಡುತ್ತಾರೆ. ನಂತರ ಪ್ರತಿಕಾಯದ ಮಟ್ಟವನ್ನು ವರ್ಷಕ್ಕೊಮ್ಮೆ ಅಳೆದು, ಅದು ಮಿಲಿಲೀಟರಿಗೆ 10 ಮಿಲಿ-ಯೂನಿಟ್‌ಗಿಂತ ಇಳಿದರೆ ಮತ್ತೊಂದು ಡೋಸ್ ಹಾಕುತ್ತಾರೆ. ಮೂತ್ರಪಿಂಡ ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರತೊಡಗಿದೆ, ಡಯಾಲಿಸಿಸ್ ಇನ್ನೂ ದೂರವಿದೆ ಎನ್ನುವ ಹಂತದಲ್ಲೇ ಲಸಿಕೆ ಹಾಕಿಸಿದರೆ ಅದು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ನಮ್ಮ ಕಡೆ ಹೆಚ್ಚಿನವರು ಈ ಅವಕಾಶವನ್ನು ಕಳೆದುಕೊಳ್ಳುತ್ತಾರೆ, ಏಕೆಂದರೆ ಕಿಡ್ನಿ ವೈದ್ಯರ ಬಳಿಗೆ ಹೋಗುವುದೇ ಕಾಲು ಬಾತು, ಉಸಿರು ಕಟ್ಟತೊಡಗಿದ ಮೇಲೆ.

ಇಲ್ಲಿ ಸಣ್ಣದೊಂದು ಅಡ್ಡಮಾತು. ಮಲೆನಾಡಿನಲ್ಲಿ ಕಾಮಾಲೆಯೆಂದರೆ ನೆಲನೆಲ್ಲಿಯ ನೆನಪಾಗದ ಮನೆಯಿಲ್ಲ. ಬಿ ವೈರಸ್ಸಿನ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಅವರೇ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರೊಡನೆ ಈ ಗಿಡದ ಮೇಲೆ ಪ್ರಯೋಗ ನಡೆಸಿದ್ದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಪುಡಿ ಸೇವಿಸಿದ 37 ಜನರಲ್ಲಿ 22 ಜನರ ರಕ್ತದಿಂದ ಬಿ ಯ ಗುರುತು ಮರೆಯಾಗಿತ್ತು, ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಿಂದ ಮಾತ್ರ. ನಮ್ಮ ಹಿತ್ತಿಲ ಗಿಡಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇಕೆ? ಆದರೆ ಆಮೇಲೆ ಬೇರೆಯವರು ಅದನ್ನೇ ಮಾಡಿ ನೋಡಿದಾಗ ಅಂಥ ಫಲ ಸಿಗಲಿಲ್ಲ. ಭಾವನವರಿಗೆ ಬಂದದ್ದು ಸಿ, ಅದೂ ಕಾಮಾಲೆಯ ಹಳದಿಯೇ ಇಲ್ಲದೆ ಬಂದದ್ದು. ಪೊಟ್ಯಾಸಿಯಂ ಲೆಕ್ಕಹಾಕಿ ಎಳನೀರನ್ನೂ ಬಿಟ್ಟಿರುವ ಅವರಿಗೆ ಯಾವ ಕಷಾಯವನ್ನೂ ಕುಡಿಸುವುದು ಬೇಡವೆಂದು ನಾನು ಅಕ್ಕನಿಗೆ ಹೇಳಿದೆ.

ಇನ್ನು ಸಿ ವೈರಸ್. 1989ರಲ್ಲಿ ಇದನ್ನು ಗುರುತಿಸುವವರೆಗೆ ‘ಎ ಯೂ ಅಲ್ಲದ ಬಿ ಯೂ ಅಲ್ಲದ’ ಹೆಪಟೈಟಿಸ್ ಎಂದೇ ಕರೆಯುತ್ತಿದ್ದರು. ಪರೀಕ್ಷೆ ಸಿಕ್ಕ ಮೇಲೆ ನೋಡಿದರೆ ಡಯಾಲಿಸಿಸ್ ಕೇಂದ್ರಗಳ ತುಂಬ ಅದೇ. ಮಷೀನ್ ಬೇರೆ ಮಾಡಬೇಕೇ ಎಂಬ ಪ್ರಶ್ನೆ ಆಗಲೇ ಎದ್ದಿತು. ಬೆಲ್ಜಿಯಂನ ಹಲವು ಕೇಂದ್ರಗಳು ಸೇರಿ 54 ತಿಂಗಳ ಕಾಲ ನಡೆಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಅಲ್ಲಿ ಸಿ ಇರುವವರನ್ನು ಬೇರೆ ಕೂರಿಸಲಿಲ್ಲ, ಮಷೀನನ್ನೂ ಪ್ರತ್ಯೇಕಿಸಲಿಲ್ಲ. ಬದಲಿಗೆ ಪ್ರತಿ ರೋಗಿಗೂ ಕೈತೊಳೆದು ಹೊಸ ಗ್ಲೌಸ್ ಹಾಕುವುದೇ ಮೊದಲಾದ ಸಾಮಾನ್ಯ ಎಚ್ಚರಿಕೆಗಳನ್ನು ಬಿಗಿಮಾಡಿದರು. ಮೊದಲು ವರ್ಷಕ್ಕೆ ಶೇ. 1.4ರಷ್ಟಿದ್ದ ಹೊಸ ಸೋಂಕು ಕೊನೆಗೆ ಸೊನ್ನೆಗಿಳಿಯಿತು. ಏಳು ದೇಶಗಳ ಕೇಂದ್ರಗಳನ್ನು ಹೋಲಿಸಿ 2004ರಲ್ಲಿ ಬಂದ, ಡಾಪ್ಸ್ ಎಂಬ ಅಂತರರಾಷ್ಟ್ರೀಯ ಡಯಾಲಿಸಿಸ್ ಅಧ್ಯಯನದಲ್ಲಿಯೂ ರೋಗಿಗಳನ್ನು ಪ್ರತ್ಯೇಕಿಸುವುದಕ್ಕೂ ಹೊಸ ಸೋಂಕು ತಗ್ಗುವುದಕ್ಕೂ ನಂಟು ಕಾಣಲಿಲ್ಲ, ತರಬೇತಿ ಪಡೆದ ಸಿಬ್ಬಂದಿ ಹೆಚ್ಚಿರುವಲ್ಲಿ ಸಿ ಕಡಿಮೆಯಿತ್ತು. ಇದನ್ನು ಬಿಡಿಸಿ ನೋಡಿದರೆ ಆಶ್ಚರ್ಯವೇನಿಲ್ಲ. ರಕ್ತ ಹರಿಯುವುದು ಕೊಳವೆ ಮತ್ತು ಡಯಲೈಸರಿನಲ್ಲಿ, ಮಷೀನಿನ ಹೊಟ್ಟೆಯೊಳಗೆ ಓಡಾಡುವುದು ಶುದ್ಧೀಕರಿಸಿದ ನೀರಿನ ದ್ರಾವಣ. ಎರಡರ ನಡುವಿನ ಪೊರೆಯ ರಂಧ್ರಗಳಲ್ಲಿ ಈ ವೈರಸ್ ತೂರುವುದೆಂದರೆ ರವೆ ಜರಡಿಯಲ್ಲಿ ಗೋಟಡಿಕೆ ಇಳಿದಂತೆ. ಮೂತ್ರಪಿಂಡ ಕಾಯಿಲೆಗಳಿಗೆ ಮಾರ್ಗಸೂಚಿ ರೂಪಿಸುವ ಕೆಡಿಗೋ ಸಂಸ್ಥೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸಿ ಗಾಗಿ ಮಷೀನ್ ಮೀಸಲಿಡುವುದು ಬೇಡ ಎನ್ನುತ್ತದೆ.

ಹಾಗಾದರೆ ದಾರಿ ಯಾವುದು? ಒಂದು ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ನಾನು ಬಾಗಿಲ ಗಾಜಿನಿಂದ ನೋಡುತ್ತಿದ್ದೆ. ಒಬ್ಬರ ಫಿಸ್ಟುಲಾದಿಂದ (ಡಯಾಲಿಸಿಸ್ ಸೂಜಿ ಚುಚ್ಚಲು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಸೂಜಿ ತೆಗೆದು ಹತ್ತಿಯುಂಡೆ ಒತ್ತಿ ಹಿಡಿದಿದ್ದ ಟೆಕ್ನಿಷಿಯನ್, ಪಕ್ಕದ ಮಷೀನ್ ಕಿರುಚಿಕೊಂಡಾಗ ಅದೇ ಗ್ಲೌಸಿನ ಕೈಯಿಂದ ಅದರ ಪರದೆಯ ಗುಂಡಿ ಒತ್ತಿ ಅಲಾರಂ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಂದು ಬರಿಗೈಯಲ್ಲಿ ಅದೇ ಗುಂಡಿಯನ್ನು ಮುಟ್ಟಿ, ಆ ರೋಗಿಯ ಕೊಳವೆಯನ್ನು ಸರಿಪಡಿಸಿದರು. ಟ್ರಾಲಿಯ ಮೇಲೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸೀಸೆಯೊಂದು ಹಾಸಿಗೆಯಿಂದ ಹಾಸಿಗೆಗೆ ಸಾಗುತ್ತಿತ್ತು. ಸಂಶೋಧಕರು ಸೋಂಕು ಹಬ್ಬಿದ ಕೇಂದ್ರಗಳನ್ನು ಶೋಧಿಸಿದಾಗಲೆಲ್ಲ ಎದುರಾಗುವ ಸಂಗತಿಗಳು ಇವೇ: ಬದಲಿಸದ ಗ್ಲೌಸ್, ಹಲವರಿಗೆ ಬಳಸುವ ಔಷಧದ ಸೀಸೆ, ಅತ್ತಿತ್ತ ಓಡಾಡುವ ಟ್ರಾಲಿ, ಪಾಳಿಗಳ ನಡುವೆ ಒರೆಸದೆ ಬಿಟ್ಟ ಜಾಗ. ಔಷಧವನ್ನು ರೋಗಿಗಳಿಂದ ದೂರದ ಸ್ವಚ್ಛ ಮೇಜಿನಲ್ಲಿ ಸಿರಿಂಜಿಗೆ ತುಂಬಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಒಯ್ಯಬೇಕೆಂಬುದು ನಿಯಮ. ಸಿಬ್ಬಂದಿಯನ್ನು ದೂರಿ ಫಲವಿಲ್ಲ. ಒಬ್ಬರೇ ಅಷ್ಟೊಂದು ಹಾಸಿಗೆ ನೋಡಿಕೊಳ್ಳಬೇಕಾದಾಗ ಗ್ಲೌಸ್ ಬದಲಿಸುವ ಪುರುಸೊತ್ತು ಎಲ್ಲಿಂದ ಬರಬೇಕು? ಆದರೆ ಮೂಲೆಯ ಮಷೀನನ್ನು ತೋರಿಸಿ ‘ನಾವು ಬೇರೆ ಮಾಡಿದ್ದೇವೆ’ ಎನ್ನುವ ಆಡಳಿತವನ್ನು ನಾನು ಒಪ್ಪಲಾರೆ. ಆ ಮೂಲೆಗೂ ಇದೇ ಕೈಗಳು ಹೋಗಿ ಬರುತ್ತವೆ.

ಬೇರೆ ಮಾಡುವ ಕ್ರಮಕ್ಕೆ ಇನ್ನೊಂದು ತೊಡಕಿದೆ: ಯಾರಿಗೆ ಸೋಂಕಿದೆಯೆಂಬುದು ಆ ದಿನ ಗೊತ್ತಿರುವುದೇ ಇಲ್ಲ. ಸೋಂಕು ತಗುಲಿ ಒಂದೆರಡು ವಾರಕ್ಕೆ ವೈರಸ್ಸಿನ ಆರ್‌ಎನ್‌ಎ, ಎಂದರೆ ಅದರ ಆನುವಂಶಿಕ ವಸ್ತು, ರಕ್ತದಲ್ಲಿ ಕಾಣುತ್ತದೆ, ಪ್ರತಿಕಾಯ ಕಾಣಲು ಎರಡು ತಿಂಗಳು ಅಥವಾ ಇನ್ನೂ ಹೆಚ್ಚು ಬೇಕು, ಡಯಾಲಿಸಿಸ್‌ನವರಲ್ಲಿ ಇನ್ನೂ ತಡವಾಗಬಹುದು. ಲಿವರ್ ಹಾನಿಯನ್ನು ಸೂಚಿಸುವ ಎಎಲ್‌ಟಿ ಪ್ರಮಾಣವೂ ಅವರಲ್ಲಿ ಸಹಜವಾಗಿಯೇ ತಗ್ಗಿರುವುದರಿಂದ ‘ಲಿವರ್ ನಾರ್ಮಲ್’ ಎಂಬ ವರದಿ ನೆಚ್ಚುವಂಥದ್ದಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಇಲಿಜ್ವರದಿಂದ ಮೂತ್ರ ನಿಂತವರು ತುರ್ತಾಗಿ ಬಂದು ಕೆಲವೇ ಸಲ ಡಯಾಲಿಸಿಸ್ ಮಾಡಿಸಿಕೊಂಡು ಗುಣವಾಗಿ ಹೋಗುವುದುಂಟು. ಅಂಥವರಿಗೆ ಆ ಗಳಿಗೆಯಲ್ಲಿ ಮಾಡುವ, ಪ್ರತಿಕಾಯವನ್ನಷ್ಟೇ ನೋಡುವ ದಿಢೀರ್ ಕಾರ್ಡ್ ಪರೀಕ್ಷೆ ಹೊಸ ಸೋಂಕನ್ನು ಹಿಡಿಯಲಾರದು. ಹಾಗಾಗಿ ಪ್ರತಿ ರೋಗಿಯನ್ನೂ ಸೋಂಕಿರುವವರೆಂದೇ ಭಾವಿಸಿ ನಡೆಯುವುದೊಂದೇ ಉಪಾಯ.

ಔಷಧದ ಕತೆ ನನ್ನನ್ನು ಹೆಚ್ಚು ಕಾಡಿತು. ಮೊದಲಿದ್ದದ್ದು ಇಂಟರ್‌ಫೆರಾನ್ ಚುಚ್ಚುಮದ್ದು, ತಿಂಗಳುಗಟ್ಟಲೆ ಜ್ವರ, ಸುಸ್ತು. ಜೊತೆಗೆ ಕೊಡುವ ರೈಬಾವಿರಿನ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ್ದು. ಡಯಾಲಿಸಿಸ್‌ನವರಲ್ಲಿ ಅದು ದೇಹದಲ್ಲೇ ಉಳಿದು, ಮೊದಲೇ ಇರುವ ರಕ್ತಹೀನತೆಯನ್ನು ಮತ್ತಷ್ಟು ಕೆಡಿಸುತ್ತಿತ್ತು. 2013ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೋಫೋಸ್‌ಬುವಿರ್ ಮಾತ್ರೆ ಸಿ ಚಿಕಿತ್ಸೆಯನ್ನೇ ಬದಲಿಸಿತು, ಆದರೆ ಅದರ ಮುಖ್ಯ ಪ್ರಯೋಗಗಳಿಂದ ಮೂತ್ರಪಿಂಡ ತೀವ್ರವಾಗಿ ಸೋತವರನ್ನು ಹೊರಗಿಟ್ಟಿದ್ದರು. ಸಿ ಹೆಚ್ಚು ಕಾಡುವ ಗುಂಪೇ ಪರೀಕ್ಷೆಗೊಳಗಾಗಲಿಲ್ಲ. ಹಾಗಾಗಿ ಔಷಧದ ಜೊತೆ ಬರುವ ಅಧಿಕೃತ ಮಾಹಿತಿ ಚೀಟಿಯಲ್ಲಿಯೂ ಅವರಿಗೆ ಇಂತಿಷ್ಟು ಪ್ರಮಾಣವೆಂಬ ಸಲಹೆ ಇರಲಿಲ್ಲ. ಅವರಿಗೆಂದೇ ನಡೆದ ಸಿ-ಸರ್ಫರ್ ಪ್ರಯೋಗದಲ್ಲಿ 2015ರಲ್ಲಿ ಗ್ರಾಜೋಪ್ರೆವಿರ್ ಮತ್ತು ಎಲ್ಬಾಸ್‌ವಿರ್ ಜೋಡಿ ಲೆಕ್ಕಕ್ಕೆ ಸಿಕ್ಕ 116 ಜನರಲ್ಲಿ 115 ಜನರನ್ನು ಗುಣಪಡಿಸಿತು. 2017ರ ಇನ್ನೊಂದು ಪ್ರಯೋಗದಲ್ಲಿ ಬೇರೊಂದು ಜೋಡಿಯಿಂದ 104ರಲ್ಲಿ 102 ಜನ ಗುಣವಾದರು. ನಮ್ಮ ದೇಶದಲ್ಲಿ ಕೈಗೆಟುಕುತ್ತಿದ್ದದ್ದು ಮಾತ್ರ ಅಗ್ಗದ ಜೆನೆರಿಕ್ ಸೋಫೋಸ್‌ಬುವಿರ್. ಅನೇಕ ಭಾರತೀಯ ವೈದ್ಯರು ಚೀಟಿಯ ಒಪ್ಪಿಗೆಗೆ ಕಾಯದೆ, ರೋಗಿಗಳ ಮೇಲೆ ಕಣ್ಣಿಟ್ಟು ಅದನ್ನೇ ಕೊಟ್ಟು ತಮ್ಮ ಅನುಭವವನ್ನು ಪ್ರಕಟಿಸಿದರು. 2019ರಲ್ಲಿ ಸೋಫೋಸ್‌ಬುವಿರ್–ವೆಲ್ಪಟಾಸ್‌ವಿರ್ ಜೋಡಿಯನ್ನು ಡಯಾಲಿಸಿಸ್‌ನ 59 ಜನರಿಗೆ 12 ವಾರ ಕೊಟ್ಟ ಅಧ್ಯಯನ ಬಂತು, ಶೇ. 95ರಷ್ಟು ಜನ ಗುಣವಾಗಿದ್ದರು. ಅದೇ ವರ್ಷದ ಕೊನೆಗೆ ಅಮೆರಿಕದ ನಿಯಂತ್ರಕರು ಡಯಾಲಿಸಿಸ್‌ನವರಿಗೂ ಕೊಡಬಹುದೆಂದು ಚೀಟಿಯನ್ನು ತಿದ್ದಿದರು.

ಭಾವನವರಿಗೆ ಕೊಟ್ಟದ್ದೂ ಈ ಜೋಡಿಯನ್ನೇ, ದಿನಕ್ಕೊಂದು ಮಾತ್ರೆ, 12 ವಾರ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಅದು ಉಚಿತವಾಗಿ ದೊರೆಯಿತು. ಆರಂಭಿಸುವ ಮುನ್ನ ವೈದ್ಯರು ಬಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದರು, ಏಕೆಂದರೆ ಸಿ ಹೋಗುತ್ತಿದ್ದಂತೆ ಅಡಗಿದ್ದ ಬಿ ತಲೆಯೆತ್ತಿ ಲಿವರ್ ಕೆಡಿಸಿದ ಪ್ರಕರಣಗಳಿವೆ. ಹೊಟ್ಟೆಯುರಿಗೆಂದು ಅವರು ಬೆಳಗ್ಗೆ ನುಂಗುತ್ತಿದ್ದ ಪ್ಯಾಂಟೊಪ್ರಜೋಲ್ ಮಾತ್ರೆಯನ್ನೂ ನಿಲ್ಲಿಸಿದರು. ಜಠರದ ಆಮ್ಲ ತಗ್ಗಿದರೆ ವೆಲ್ಪಟಾಸ್‌ವಿರ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲವಂತೆ. ಅಕ್ಕ ಆ ಪಟ್ಟಿಯನ್ನು ಡಬ್ಬಿಯಿಂದಲೇ ತೆಗೆದು ಕಪಾಟಿನ ಮೇಲೆ ಎಸೆದಳು.

ಮಾತ್ರೆ ಮುಗಿದ 12 ವಾರದ ನಂತರದ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಆದರೆ ಪ್ರತಿಕಾಯ ರಕ್ತದಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಕಾರ್ಡ್ ಪರೀಕ್ಷೆ ಮಾಡಿದಾಗಲೆಲ್ಲ ‘ರಿಯಾಕ್ಟಿವ್’ ಎಂದೇ ಬರುತ್ತದೆ, ಕೇಂದ್ರದ ಫೈಲಿನ ಮೇಲಿನ ಕೆಂಪು ಬರಹ ಹಾಗೇ ಇತ್ತು. ಅದನ್ನು ಹೊಡೆದುಹಾಕಿ ಆರ್‌ಎನ್‌ಎ ವರದಿಯ ದಿನಾಂಕ ಬರೆಯಬೇಕೆಂದು ನಾನು ಪತ್ರ ಕೊಟ್ಟೆ, ಕಿಡ್ನಿ ವೈದ್ಯರು ಸಹಿ ಹಾಕಿದರು. ಗುಣವಾದ ಮೇಲೆ ಉಳಿಯುವ ಈ ಪ್ರತಿಕಾಯ ಮರುಸೋಂಕನ್ನು ತಡೆಯಲಾರದು. ಆದ್ದರಿಂದ ಇನ್ನು ಮುಂದೆ ಅವರಿಗೆ ಆರು ತಿಂಗಳಿಗೊಮ್ಮೆ ಮಾಡಬೇಕಾದದ್ದು ಕಾರ್ಡ್ ಪರೀಕ್ಷೆಯಲ್ಲ, ಆರ್‌ಎನ್‌ಎ ಪರೀಕ್ಷೆ ಎಂಬುದನ್ನೂ ಆ ಪತ್ರದಲ್ಲಿಯೇ ಸೇರಿಸಿದ್ದೇನೆ.